ರಾಣಿ ಮಲಗಿದ ಅಧ್ಯಾಯ

ಕುಮಟಾ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಮೊನ್ನೆ ಆ ಕಾದಂಬರಿ ಕಂಡಿತು. ಹೊಸ ಮುದ್ರಣ. ಮೂರು ಸಂಪುಟಗಳನ್ನೂ ಸೇರಿಸಿ ಇಟ್ಟಿಗೆಯಷ್ಟು ದಪ್ಪಗೆ ಒಂದೇ ಮಾಡಿದ್ದಾರೆ. ಹಳೆಯ ಮುಖಪುಟದ ಮೇಲೆ ಸಮುದ್ರದ ನಡುವೆ ಒಂದು ಆಮೆ, ಆಮೆಯ ಬೆನ್ನ ಮೇಲೆ ಒಂದು ಊರು, ಊರಿನ ತುದಿಯಲ್ಲಿ ಸಾಸಿವೆಯಷ್ಟು ಚಿಕ್ಕ ದೀಪ ಇತ್ತು. ಈಗ ಅದ್ಯಾವುದೂ ಇಲ್ಲ. ಯಾರೋ ಒಬ್ಬ ನಟಿ ಕೂದಲು ಹಾರಿಸಿಕೊಂಡು ಕತ್ತಿ ಹಿಡಿದು ನಿಂತಿದ್ದಾಳೆ. ಆ ರಾಣಿಯ ಕೈಯಲ್ಲಿ ಇಡೀ ಪುಸ್ತಕದಲ್ಲಿ ಎಲ್ಲೂ ಕತ್ತಿ ಇಲ್ಲ. ತರಕಾರಿ ಹೆಚ್ಚುವ ಚೂರಿ ಕೂಡ ಇಲ್ಲ. ಮೂಲೆಯ ಕೆಂಪು ವೃತ್ತದೊಳಗೆ ‘ಶೀಘ್ರದಲ್ಲೇ ವೆಬ್ ಸರಣಿಯಾಗಿ’ ಎಂದು ಬರೆದಿತ್ತು.

ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಶಾಯಿ, ಅಂಟು. ಇನ್ನೇನು ಬರಬೇಕು? ನಾನು ಓದಿದ ಪ್ರತಿಗೆ ಮಲ್ಲಿಗೆ ಮೊಗ್ಗಿನ, ಒದ್ದೆ ಬಾಳೆನಾರಿನ ವಾಸನೆ ಇತ್ತು… ಪುಟ ತಿರುವಿದರೆ ಎಲ್ಲಿಂದಲೋ ಒಣಗಿದ ಎಸಳು ಉದುರುತ್ತಿತ್ತು.

ನನ್ನ ಜೊತೆ ಬಸ್ಸಿಗೆ ಕಾಯುತ್ತಿದ್ದವರು ನಮ್ಮ ಕಾಲೇಜಿನ ಇತಿಹಾಸದ ಮಾಸ್ತರು. ಇಣುಕಿ ನೋಡಿ, "ಓ, ಇದು ಹಿಂದೊಮ್ಮೆ ಸಿನಿಮಾ ಆಗಿತ್ತಲ್ದಾ ಮೇಡಂ? ಕೊನೆಗೆ ರಾಜ ವಾಪಸ್ ಬತ್ತಾನೆ. ಚಲೋ ಇತ್ತು" ಎಂದರು. ಪುಸ್ತಕದಲ್ಲಿ ಅವನು ಬರುವುದೇ ಇಲ್ಲ ಎಂದೆ. "ಹೋಗ್ಲಿ ಬಿಡಿ. ನಾಲ್ಕು ಜನಕ್ಕೆ ಖುಷಿ ಆದ್ರೆ ಯಾರಿಗೆಂತ ನಷ್ಟ?" ಎಂದು ಅವರು ಹೊನ್ನಾವರದ ಬಸ್ಸು ಬಂತೇ ಎಂದು ಕತ್ತು ಚಾಚಿದರು.

ಮೊದಲಾಗಿದ್ದರೆ ಜಗಳಕ್ಕೇ ಬೀಳುತ್ತಿದ್ದೆ. ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಕೂತು ಈಗ ಸುಸ್ತಾಗಿದೆ. ಯಾವುದೋ ಮಾಯಾಲೋಕದ ಕಾದಂಬರಿ ತೆರೆಗೆ ಬಂತೆಂದರೆ ಮಕ್ಕಳು ಪುಸ್ತಕ ಕೇಳಿಕೊಂಡು ಬರುತ್ತಾರೆ, ವಾರ ಬಿಟ್ಟು ಮುಖ ಸಿಂಡರಿಸಿಕೊಂಡು ತಂದಿಡುತ್ತಾರೆ. ಸಿನಿಮಾದಲ್ಲಿದ್ದ ಹಾಡು ಇದರಲ್ಲಿ ಇಲ್ಲವಂತೆ, ಹೊಡೆದಾಟ ಇಲ್ಲವಂತೆ. ಪುಸ್ತಕದ್ದೇ ತಪ್ಪು ಎನ್ನುವ ಹಾಗೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವರನ್ನು ಯಾರೂ ಕೇಳುವುದಿಲ್ಲ. ನಾನೂ ಈಗ ಹೇಳುವುದಿಲ್ಲ, ಸೀಲು ಹೊಡೆದು ಕಪಾಟಿಗೆ ಸೇರಿಸುತ್ತೇನೆ.

ಆದರೆ ಯಾರಿಗೆಂತ ನಷ್ಟ ಎಂದು ಕೇಳಿದರೆ ಮಾತ್ರ ನನ್ನ ಕಣ್ಣ ಮುಂದೆ ಒಬ್ಬಳು ಬಂದು ಕೂರುತ್ತಾಳೆ. ಮಾವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಸೊಸೆ. ಅವಳನ್ನು ನಾನು ಅತ್ತಿಗೆ ಎಂದೇ ಕರೆದದ್ದು, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಆಗ ನಾನು ಭಟ್ಕಳದ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಕೇರಿಯಲ್ಲಿ ಗಂಡಸರಿಗೆ ಕಡಲ ಕೆಲಸ, ಹೆಂಗಸರಿಗೆ ಮಲ್ಲಿಗೆ ಕೆಲಸ. ಬೆಳಿಗ್ಗೆ ಹಿತ್ತಲಿನ ಗಿಡಗಳಿಂದ ಮೊಗ್ಗು ಕೊಯ್ದು, ನಮ್ಮ ಜಗಲಿಯಲ್ಲಿ ಸುತ್ತ ಕೂತು ಬಾಳೆನಾರಿನಲ್ಲಿ ದಂಡೆ ಕಟ್ಟುತ್ತಿದ್ದರು. ಭಟ್ಕಳ ಪೇಟೆಗೆ ಹೋಗುವ ಗಾಡಿ ಬರುವುದರೊಳಗೆ ಮುಗಿಯಬೇಕು. ಅಲ್ಲಿನ ನವಾಯತ ಮುಸ್ಲಿಮರ ಮದುವೆ ದಿನಗಳಲ್ಲಂತೂ ಎಷ್ಟು ಕಟ್ಟಿದರೂ ಸಾಲದು. ರಜೆ ಇದ್ದ ದಿನ ನಾನೂ ಒಂದು ಬುಟ್ಟಿ ಎಳೆದುಕೊಂಡು ಕೂರುತ್ತಿದ್ದೆ, ಮತ್ತು ನನ್ನ ದಂಡೆ ಯಾವಾಗಲೂ ಸಡಿಲ. ಅತ್ತಿಗೆ ಅದನ್ನು ಎತ್ತಿ ಹಿಡಿದು, "ಇದು ಭಟ್ಕಳ ಮುಟ್ಟೂದ್ರೊಳಗೆ ಬರೀ ನಾರು ಉಳೀತದೆ. ತಂಗಿ, ನಿಂಗೆ ಕೈ ಇಲ್ಲ, ಬಾಯಿ ಇದೆ. ನೀ ಓದು, ನಿನ್ನ ಬುಟ್ಟಿ ನಾವು ಕಟ್ತೇವೆ" ಎಂದಳು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ನಾನು ಕಾಲೇಜಿನ ಗ್ರಂಥಾಲಯದಿಂದ ಪುಸ್ತಕ ತಂದು ಕಂಬಕ್ಕೆ ಒರಗಿ ಓದುವುದು, ಉಳಿದವರು ತಮ್ಮ ದಂಡೆಯ ಜೊತೆ ಓದುವವಳ ಪಾಲನ್ನೂ ಕಟ್ಟುವುದು. ಯಾರ ಕೈ ನಿಧಾನವಾದರೂ ಓದುವವಳ ಬುಟ್ಟಿ ಖಾಲಿಯಾಗದೆ ಉಳಿಯಬಾರದು. ಒಂದು ಅಧ್ಯಾಯಕ್ಕೆ ಇಷ್ಟು ಉದ್ದ ಎಂದು ನನ್ನ ಅಮ್ಮ ಮೊಳ ಹಾಕಿ ನಗಿಸುತ್ತಿದ್ದಳು.

ಹಾಗೆ ಒಂದು ದಿನ ಆ ಕಾದಂಬರಿಯ ಮೊದಲ ಸಂಪುಟ ನಮ್ಮ ಜಗಲಿಗೆ ಬಂತು. ಒಂದು ದ್ವೀಪ. ಅದು ನಿಂತಲ್ಲಿ ನಿಲ್ಲುವ ದ್ವೀಪವಲ್ಲ, ಮುದಿ ಆಮೆಯೊಂದರ ಬೆನ್ನ ಮೇಲಿನ ಊರು. ಆಮೆ ಈಜಿದ ಕಡೆ ಊರೂ ಹೋಗುತ್ತದೆ. ಆದ್ದರಿಂದ ಕಡಲಿಗೆ ಹೋದವರು ಹಿಂದೆ ಬರುವಾಗ ಊರು ಬಿಟ್ಟ ಜಾಗದಲ್ಲಿ ಇರುವುದಿಲ್ಲ. ದ್ವೀಪದ ತುದಿಯ ದೀಪ ನೋಡಿಕೊಂಡೇ ಬರಬೇಕು. ರಾಜ ಏಳನೆಯ ನೀರು ದಾಟಿ ಚಂದ್ರನ ಮೊಟ್ಟೆ ತರಲು ಹೋಗಿದ್ದಾನೆ. ರಾಣಿ ಪ್ರತಿ ಸಂಜೆ ದೀಪ ಹಚ್ಚುತ್ತಾಳೆ. ಆ ದೀಪಕ್ಕೆ ಎಣ್ಣೆ ಬೇಡ. ಅದು ಉರಿಯುವುದು ರಾಣಿಯ ನಿದ್ದೆಯಿಂದ. ದೀಪ ಹಚ್ಚಿದ ರಾತ್ರಿ ಅವಳಿಗೆ ಕಣ್ಣು ಮುಚ್ಚುವ ಹಾಗಿಲ್ಲ. ಗಾಳಿಯನ್ನು ಹಗ್ಗದ ಗಂಟಿನಲ್ಲಿ ಕಟ್ಟಿ ಮಾರುವ ಹಕ್ಕಿಗಳು, ಕಣ್ಣೀರು ಕೊಂಡುಕೊಳ್ಳುವ ಉಪ್ಪಿನ ಮಾಟಗಾತಿ, ಎಲ್ಲ ಇದ್ದರು ಅದರಲ್ಲಿ.

ಅತ್ತಿಗೆಗೆ ಆ ಕಥೆ ಹಿಡಿಸಿದಷ್ಟು ಇನ್ಯಾರಿಗೂ ಹಿಡಿಸಲಿಲ್ಲ. ಸುಮ್ಮನೆ ಕೇಳುವವಳೂ ಅಲ್ಲ. "ಆ ಆಮೆ ಮೊಟ್ಟೆ ಇಡೂಕೆ ದಡಕ್ಕೆ ಬಂದ್ರೆ ಊರವ್ರ ಗತಿ ಎಂತ ತಂಗಿ?" ಎಂದು ಕೇಳಿ ಎಲ್ಲರ ಕೈ ನಿಲ್ಲಿಸಿಬಿಡುತ್ತಿದ್ದಳು. ದೂರದಲ್ಲಿ ಕಾಣುವ ನೇತ್ರಾಣಿ ಗುಡ್ಡ ತೋರಿಸಿ, ಅದೂ ಒಂದು ಆಮೆಯೇ, ಸುಸ್ತಾಗಿ ಮಲಗಿದೆ, ಎಬ್ಬಿಸಬೇಡಿ ಎನ್ನುತ್ತಿದ್ದಳು. ಅವಳ ಗಂಡ, ನಾನು ಅಣ್ಣ ಎನ್ನುತ್ತಿದ್ದವನು, ಬೋಟಿನಿಂದ ಬಂದವನು ಜಗಲಿಯ ಅಂಚಿಗೆ ಕೂತು, "ಇವ್ಳಿಗೆ ರಾತ್ರೆ ನಿದ್ದೇಲೂ ಆಮೇದೇ ಸುದ್ದಿ ಮಾರಾಯ್ರೆ" ಎಂದು ದೂರುತ್ತಿದ್ದ. ಅವಳು ನಕ್ಕರೆ ರಸ್ತೆಯವರೆಗೆ ಕೇಳುತ್ತಿತ್ತು.

ಎರಡನೆಯ ಸಂಪುಟ ಅರ್ಧ ಆಗಿತ್ತು. ಆ ವರ್ಷ ನೂಲ ಹುಣ್ಣಿಮೆಗೆ ಎಲ್ಲರ ಹಾಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಅಣ್ಣನ ಬೋಟು ಹೊರಟಿತು. ಗಾಳಿ ಎದ್ದಿತು, ಬೋಟು ಮಗುಚಿತು… ಅದರಲ್ಲಿದ್ದ ಕೆಲವರು ಜೀವಂತ ಸಿಕ್ಕರು, ಒಬ್ಬ ಹೆಣವಾಗಿ ಸಿಕ್ಕ. ಅಣ್ಣ ಎರಡೂ ಆಗಿ ಸಿಗಲಿಲ್ಲ.

ಕಡಲ ಕೇರಿಯವರಿಗೆ ಸಾವು ಹೊಸದಲ್ಲ. ಆದರೆ ಹೆಣ ಸಿಗದ ಸಾವು ಬೇರೆಯದೇ. ಹೆಣ ಇಲ್ಲದೆ ಕ್ರಿಯೆ ಇಲ್ಲ, ಕ್ರಿಯೆ ಇಲ್ಲದೆ ಸೂತಕ ಇಲ್ಲ, ಸೂತಕ ಇಲ್ಲದೆ ಅಳು ಇಲ್ಲ. ಅಣ್ಣನ ತಾಯಿಯನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಒಬ್ಬನೇ ಮಗ. ಆ ಮುದುಕಿ ಹೊನ್ನಾವರದ ಕಡೆ ಎಲ್ಲೋ ಮೈಮೇಲೆ ದೇವರು ಬರುವ ದರ್ಶನಕ್ಕೆ ಹೋಗಿ ಕೇಳಿಸಿಕೊಂಡು ಬಂದಳು. ನೀರು ಅವನನ್ನು ನುಂಗಿಲ್ಲ, ದಾರಿ ತಪ್ಪಿದ್ದಾನೆ ಎಂದು ಹೇಳಿಕೆ ಆಯಿತಂತೆ. ಆಮೇಲೆ ಯಾರೋ ಗೋವೆಯ ಬಂದರಿನಲ್ಲಿ ಅವನ ಹಾಗೇ ಇರುವ ಒಬ್ಬನನ್ನು ಕಂಡೆ ಎಂದರು. ಅಷ್ಟು ಸಾಕಾಯಿತು.

ಮನೆಯಲ್ಲಿ ಎರಡು ಕಟ್ಟಳೆ ಬಂತು. ಮುಂಬಾಗಿಲಿಗೆ ರಾತ್ರಿ ಅಗುಳಿ ಹಾಕಬಾರದು, ಮಗ ಬಂದಾಗ ಬಾಗಿಲು ಹಾಕಿರಬಾರದು. ಮತ್ತೆ, ಅತ್ತಿಗೆಯ ತಲೆಯಲ್ಲಿ ಒಂದು ಸಂಜೆಯೂ ಹೂ ತಪ್ಪಬಾರದು. ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮನೇ ಒಂದು ತುಂಡು ದಂಡೆ ಹಿಡಿದು ನಿಲ್ಲುವಳು, ಅತ್ತಿಗೆ ತಲೆ ಬಗ್ಗಿಸುವಳು, ಮುಡಿಸುವಾಗ ಮುದುಕಿ ದಿನಾ ಅದೇ ಮಾತು ಹೇಳುವಳು: "ಬತ್ತಾನೆ ಅಂವ."

ಊರವರಿಗೆ ಅತ್ತಿಗೆಯನ್ನು ಕಂಡರೆ ಏನು ಮಾತಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಸಮಾಧಾನ ಹೇಳಿದರೆ ಅಪಶಕುನ, ಹೇಳದಿದ್ದರೆ ಕಲ್ಲುಮನಸ್ಸು. ಒಂದು ದಿನ ಬಾವಿಕಟ್ಟೆಯಲ್ಲಿ ನಾವಿಬ್ಬರೇ ಇದ್ದಾಗ ನಾನು ಸುಮ್ಮನಿರಲಾರದೆ, ನಿನಗೆ ಏನನಿಸುತ್ತದೆ ಅತ್ತಿಗೆ ಎಂದೆ. ಅವಳು ಕೊಡ ಕೆಳಗಿಟ್ಟಳು.

"ಅವ್ರು ಇಲ್ಲ. ನಂಗೆ ಆ ದಿನವೇ ಗೊತ್ತಾತು. ವಿಧವೆ ಆಗೂದು ಯಾರಿಗೆ ಬೇಕು ತಂಗಿ? ಆದ್ರೆ ನಂಗೆ ಒಂದು ಸಲ ಅಳೂಕಾದ್ರೂ ಬಿಡ್ಬೇಕಲ್ಲ. ಹೂ ಮುಡ್ಕೊಂಡು ಹೆಂಗೆ ಅಳೂದು?"

ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಅಗುಳಿ ಹಾಕದ ಬಾಗಿಲು ಗಾಳಿಗೆ ಅಲ್ಲಾಡಿದಾಗೆಲ್ಲ ಅತ್ತೆ ಎದ್ದು ಕೂರುತ್ತಾಳೆ, ಅತ್ತೆ ಎದ್ದರೆ ಸೊಸೆ ಎದ್ದು ಲಾಂದ್ರ ಹಿಡಿದು ಅಂಗಳ ನೋಡಿ ಬರಬೇಕು. ಅವಳು ನಿದ್ದೆ ಎನ್ನುವುದನ್ನು ಕಂಡು ಎಷ್ಟು ಕಾಲವಾಗಿತ್ತೋ ಏನೋ…

ಓದು ನಿಂತುಹೋಗಿತ್ತು. ಕಡಲಿಗೆ ಹೋದ ರಾಜನ ಕಥೆಯನ್ನು ಅವಳ ಮುಂದೆ ಯಾವ ಬಾಯಲ್ಲಿ ಓದುವುದು? ಆದರೆ ಮುಂದಿನ ವರ್ಷ ಮಲ್ಲಿಗೆ ಮತ್ತೆ ಮೊಗ್ಗು ಹಿಡಿದಾಗ ಅವಳೇ ಕೇಳಿದಳು. "ಆ ಪುಸ್ತಕ ಎಲ್ಲಿ ಹೋತು? ರಾಣಿ ಎಂತ ಮಾಡಿದ್ಲು ಕಡೆಗೆ?" ಅಮ್ಮ ನನಗೆ ಕಣ್ಣಲ್ಲೇ ಬೇಡ ಎಂದಳು. ಅತ್ತಿಗೆ ನನ್ನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಮೊಗ್ಗು ಹೆಣೆಯತೊಡಗಿದಳು. ಓದದೆ ಬೇರೆ ದಾರಿ ಇರಲಿಲ್ಲ.

ಮೂರನೆಯ ಸಂಪುಟದ ಕೊನೆಯ ಅಧ್ಯಾಯ ಓದಿದ ದಿನ ನನಗೆ ಚೆನ್ನಾಗಿ ನೆನಪಿದೆ. ರಾಜ ಬರುವುದಿಲ್ಲ. ದೀಪ ಹಚ್ಚಿ ಹಚ್ಚಿ ರಾಣಿಗೆ ತನ್ನ ಹೆಸರೇ ಮರೆಯುತ್ತ ಬರುತ್ತದೆ. ಆ ದೀಪ ಉರಿಯುವವರೆಗೆ ಆಮೆಯೂ ಆ ನೀರಲ್ಲೇ ಸುತ್ತುತ್ತಿರಬೇಕು, ದೂರ ಈಜುವ ಹಾಗಿಲ್ಲ. ದ್ವೀಪದ ಮರಗಳು ಹೊಸ ಮಳೆ ಸಿಗದೆ ಒಣಗುತ್ತಿವೆ. ಕಡೆಗೊಂದು ಸಂಜೆ ಆಮೆ ನೀರಿನಿಂದ ತಲೆ ಎತ್ತಿ ರಾಣಿಯನ್ನು ನೋಡುತ್ತದೆ. ರಾಣಿ ಬತ್ತಿಯನ್ನು ಎರಡು ಬೆರಳಲ್ಲಿ ಚಿವುಟಿ ಆರಿಸುತ್ತಾಳೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಚಾಪೆಯ ಮೇಲೆ ಮಲಗುತ್ತಾಳೆ. ಆಮೆ ದೂರಕ್ಕೆ ಈಜತೊಡಗುತ್ತದೆ. ಅಷ್ಟೇ, ಪುಸ್ತಕ ಮುಗಿಯಿತು.

ಅತ್ತಿಗೆಯ ಕೈಯಲ್ಲಿ ನಾರು ಹಾಗೇ ನಿಂತಿತ್ತು.

"ಮಲಗಿದ್ಲಾ?"

"ಮಲಗಿದ್ಲು ಅತ್ತಿಗೆ."

"ಯಾರೂ ಬೈಲಿಲ್ವಾ?"

ನಾನು ಆ ಪುಟವನ್ನು ಮತ್ತೊಮ್ಮೆ ನೋಡಿದೆ. ಯಾರೂ ಬೈದಿಲ್ಲ ಎಂದೆ. ಅವಳು ತಲೆ ಆಡಿಸಿ, ಇನ್ನೊಮ್ಮೆ ಓದು ಎಂದಳು. ಓದಿದೆ.

ಅದಾಗಿ ಕೆಲವು ದಿನಕ್ಕೆ, ದೊಡ್ಡಮ್ಮ ಹೂ ಹಿಡಿದು ನಿಂತಾಗ ಅತ್ತಿಗೆ ತಲೆ ಬಗ್ಗಿಸಲಿಲ್ಲ. ನಾವೆಲ್ಲ ಬೇಲಿಯ ಈಚೆಯಿಂದ ನೋಡುತ್ತಿದ್ದೆವು. "ಸಾಕು ಅತ್ತೆ" ಎಂದಳು ಅಷ್ಟೇ. ಮುದುಕಿ ಕೇರಿ ಕೇಳುವ ಹಾಗೆ ಕೂಗಿದಳು. ನನ್ನ ಮಗನನ್ನು ನೀನೇ ಕೊಲ್ಲುತ್ತಿದ್ದೀಯೆ ಎಂದಳು, ಎದೆ ಬಡಿದುಕೊಂಡಳು. ಅತ್ತಿಗೆ ಒಳಗೆ ಹೋಗಿ ಗಂಜಿ ಬಡಿಸಿದಳು. ಅವತ್ತು ಆ ಮನೆಯ ಮುಂಬಾಗಿಲಿಗೆ ಅಗುಳಿ ಬಿತ್ತು. ಮರುದಿನ ಹೊತ್ತು ನೆತ್ತಿಗೆ ಬಂದರೂ ಅತ್ತಿಗೆ ಏಳಲಿಲ್ಲ. ಗಾಬರಿಯಾಗಿ ಅಮ್ಮ ಹೋಗಿ ನೋಡಿದರೆ ಬಾಯಿ ತೆರೆದುಕೊಂಡು ಮಗುವಿನ ಹಾಗೆ ನಿದ್ದೆ. ಪಕ್ಕದಲ್ಲಿ ಮುದುಕಿ ಕೂತು ಅವಳಿಗೆ ನೊಣ ಹೊಡೆಯುತ್ತಿದ್ದಳಂತೆ. ದೊಡ್ಡಮ್ಮನೂ ಕೆಟ್ಟವಳೇನಲ್ಲ. ಹೆತ್ತವಳು, ಅಷ್ಟೇ.

ನಿಧಾನಕ್ಕೆ ಮುದುಕಿಯೂ ಮೆತ್ತಗಾದಳು. ಹೆಣ ಸಿಗದಿದ್ದರೆ ದರ್ಭೆಯಲ್ಲಿ ಆಳಿನ ಬೊಂಬೆ ಮಾಡಿ ಕ್ರಿಯೆ ಮಾಡುವ ಕ್ರಮ ಇದೆ ಎಂದು ಭಟ್ಟರು ಹೇಳಿದ್ದರು. ದೀಪಾವಳಿ ಕಳೆಯಲಿ ನೋಡುವ ಎನ್ನುವವರೆಗೆ ಬಂದಳು. ಒಂದು ದಿನ ಹೂಂ ಎನ್ನುವಳು, ಮರುದಿನ ಸುಮ್ಮನಾಗುವಳು. ಹೊನ್ನಾವರದಲ್ಲಿದ್ದ ಅತ್ತಿಗೆಯ ತಮ್ಮ, ಕ್ರಿಯೆ ಮುಗಿದ ಮೇಲೆ ಇಬ್ಬರೂ ನನ್ನ ಮನೆಗೆ ಬಂದಿರಿ, ಅಲ್ಲಿ ಏನಾದರೂ ಕೆಲಸ ನೋಡುವ ಎಂದು ಹೇಳಿಕಳಿಸಿದ್ದ. ಅತ್ತಿಗೆ ಬಾವಿಕಟ್ಟೆಯಲ್ಲಿ ಮತ್ತೆ ನಗುತ್ತಿದ್ದಳು. ಜೋರಾಗಿ ಅಲ್ಲ, ಆದರೂ ನಗು.

ಅಷ್ಟರಲ್ಲಿ ಆ ಸಿನಿಮಾ ಬಂತು.

ನಮ್ಮ ಪುಸ್ತಕ ಸಿನಿಮಾ ಆಗುತ್ತಿದೆ ಎಂದು ಪೇಪರಿನಲ್ಲಿ ನೋಡಿ ನಾನೇ ಜಗಲಿಗೆ ಸುದ್ದಿ ತಂದಿದ್ದೆ. ಆಮೆಯನ್ನು ಹೇಗೆ ತೋರಿಸುತ್ತಾರೋ, ಗಾಳಿಯ ಗಂಟು ಹೇಗೋ ಎಂದು ತಿಂಗಳುಗಟ್ಟಲೆ ಮಾತು. ಕುಮಟೆಯ ಟಾಕೀಸಿಗೆ ಬಂದಾಗ ಇಡೀ ಜಗಲಿಯೇ ಹೋಗುವುದು ಎಂದಾಯಿತು. ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, "ಅತ್ತೆನೂ ಕರ್ಕೊಂಡು ಹೋಗೂದು. ನೀ ಓದೂದು ಅವ್ರಿಗೆ ಹಿಡಿಸೂದಿಲ್ಲ. ರಾಣಿ ಮಲಗೂದು ಕಣ್ಣಾರೆ ಕಂಡ್ರೆ ಒಪ್ತಾರೆ. ಆಮೇಲೆ ಹಿಂದೆ ಮುಂದೆ ನೋಡೂದಿಲ್ಲ" ಎಂದಳು.

ಕಥೆಯನ್ನೇ ಬದಲಾಯಿಸಿರಬಹುದು ಎಂದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಾವು ಆಟ ನೋಡಿ ಬೆಳೆದವರು. ಯಕ್ಷಗಾನದಲ್ಲಿ ವೇಷಧಾರಿ ಮಾತನ್ನು ಎಷ್ಟು ಬೇಕಾದರೂ ಬೆಳೆಸಬಹುದು, ಹಾಸ್ಯಗಾರ ನಿನ್ನೆಯ ಪಂಚಾಯತಿ ಜಗಳವನ್ನೂ ತರಬಹುದು. ಆದರೆ ಸಾಯಬೇಕಾದವನು ಬೆಳಗಾಗುವುದರೊಳಗೆ ಸಾಯಲೇಬೇಕು. ಪ್ರೇಕ್ಷಕರಿಗೆ ಬೇಜಾರಾಗುತ್ತದೆ ಎಂದು ಯಾವ ಭಾಗವತರೂ ಸತ್ತವನನ್ನು ಎಬ್ಬಿಸಿ ಕುಣಿಸಿದ್ದು ನಮಗೆ ಗೊತ್ತಿಲ್ಲ.

ಮುರ್ಡೇಶ್ವರದಲ್ಲಿ ರೈಲು ಹತ್ತಿದೆವು. ಅತ್ತಿಗೆ ಕಿಟಕಿಯ ಪಕ್ಕ ಅತ್ತೆಯನ್ನು ಕೂರಿಸಿ, ಶರಾವತಿ ಸೇತುವೆ ಬಂದಾಗ ತೋರಿಸಿದಳು. ಮಡಿಲಲ್ಲಿ ಅವಲಕ್ಕಿ ಕಟ್ಟಿಕೊಂಡು ಬಂದಿದ್ದಳು. ಬಹಳ ದಿನದ ಮೇಲೆ ಅವಳನ್ನು ಹಾಗೆ ಹುರುಪಿನಲ್ಲಿ ನೋಡಿದ್ದು.

ಸಿನಿಮಾದಲ್ಲಿ ಮೊದಲು ಆಮೆ ಕಾಣೆಯಾಗಿತ್ತು. ದ್ವೀಪ ಸುಮ್ಮನೆ ದ್ವೀಪ. ಅಮ್ಮ ನನ್ನ ಕಿವಿಯಲ್ಲಿ, "ಆಮೆ ಇಂಟರ್ವಲ್ ಆದ್ಮೇಲೆ ಬತ್ತದಾ?" ಎಂದಳು. ಬರಲಿಲ್ಲ. ಉಪ್ಪಿನ ಮಾಟಗಾತಿ ಸೊಂಟ ಕುಣಿಸುತ್ತ ಒಂದು ಹಾಡು ಹೇಳಿ ಹೋದಳು. ಹಕ್ಕಿಗಳಿಗೆ ಬದಲು ಒಬ್ಬ ಹಾಸ್ಯನಟ ಬಂದ. ದೀಪಕ್ಕೆ ರಾಣಿ ತುಪ್ಪ ಸುರಿಯುತ್ತಿದ್ದಳು, ರಾತ್ರಿ ಸುಖವಾಗಿ ಮಲಗಿ ಕನಸಿನಲ್ಲಿ ರಾಜನ ಜೊತೆ ಹಾಡುತ್ತಿದ್ದಳು. ದೀಪಕ್ಕೆ ನಿದ್ದೆ ಕೊಡುವ ಮಾತೇ ಇಲ್ಲ. ಇದನ್ನೆಲ್ಲ ನಾನು ಹಲ್ಲು ಕಚ್ಚಿ ಸಹಿಸಿದೆ. ಕೊನೆಯೊಂದು ಸರಿ ಇದ್ದರೆ ಸಾಕು ಎಂದುಕೊಂಡೆ. ಪಕ್ಕದಲ್ಲಿ ಅತ್ತಿಗೆಯೂ ಅದನ್ನೇ ಕಾಯುತ್ತಿದ್ದಳು.

ಕೊನೆಯಲ್ಲಿ ಊರವರೆಲ್ಲ ಸೇರಿ ದೀಪ ಆರಿಸು ಎಂದು ರಾಣಿಗೆ ಹೇಳುತ್ತಾರೆ. ಹೇಳುವವರೆಲ್ಲ ದುಷ್ಟರು. ರಾಣಿ ಆರಿಸುವುದಿಲ್ಲ. ಬಿರುಗಾಳಿಯಲ್ಲಿ ಸೆರಗು ಅಡ್ಡ ಹಿಡಿದು ದೀಪ ಉಳಿಸುತ್ತಾಳೆ. ಆಗ ದೂರದಲ್ಲಿ ಒಂದು ದೋಣಿ… ರಾಜ ಇಳಿದು ಬಂದು, ಈ ದೀಪ ಒಂದು ಕ್ಷಣ ಆರಿದ್ದರೂ ನಾನು ಮುಳುಗಿಬಿಡುತ್ತಿದ್ದೆ ಎಂದು ರಾಣಿಯ ಕೈ ಹಿಡಿಯುತ್ತಾನೆ.

ಟಾಕೀಸು ಸಿಳ್ಳೆ ಹಾಕಿತು. ದೊಡ್ಡಮ್ಮ ಎದ್ದು ನಿಂತಿದ್ದಳು. ತೆರೆಗೆ ಕೈಮುಗಿದು ಅಳುತ್ತಿದ್ದಳು. ಹಿಂದಿನವರು ಕೂರಿ ಅಜ್ಜಿ ಎಂದರೂ ಕೂರಲಿಲ್ಲ. ನನಗೆ ಅತ್ತಿಗೆಯ ಕಡೆ ತಿರುಗುವ ಧೈರ್ಯ ಆಗಲಿಲ್ಲ. ಅವಳ ಸ್ವರ ಮಾತ್ರ ಕೇಳಿತು: "ಇದು ನಮ್ಮ ಪುಸ್ತಕ ಅಲ್ಲ."

ಹಿಂದೆ ಬರುವ ರೈಲಿನಲ್ಲಿ ನಾನು ದೊಡ್ಡಮ್ಮನ ಎದುರು ಕೂತು ಗಿಣಿಗೆ ಹೇಳಿದ ಹಾಗೆ ಹೇಳಿದೆ. ಪುಸ್ತಕದಲ್ಲಿ ಹೀಗಿಲ್ಲ ದೊಡ್ಡಮ್ಮ, ಅವನು ಬರುವುದಿಲ್ಲ, ಇವರು ಸುಳ್ಳು ಸೇರಿಸಿದ್ದಾರೆ ಎಂದೆ. ಮುದುಕಿಗೆ ಸಿಟ್ಟು ಬರಲಿಲ್ಲ. ಮುಖದಲ್ಲಿ ಎಂಥದೋ ಕಳೆ ಬಂದುಬಿಟ್ಟಿತ್ತು.

"ಪುಸ್ತಕ ಬರ್ದವಂಗೆ ಗೊತ್ತಿರ್ಲಿಕ್ಕಿಲ್ಲ ಮಗಾ. ಒಬ್ಬ ಕೂತು ಬರ್ದದ್ದು. ಇದು ಅಷ್ಟು ಜನ ಸೇರಿ ತೆಗ್ದದ್ದು. ಅಷ್ಟೂ ಜನಕ್ಕೆ ತಪ್ತದಾ? ನಿಂದು ಓದಿದ ಮಾತು. ಇದು ನಾ ಕಂಡದ್ದು."

ಆಮೇಲೆ ಸೊಸೆಯ ಕಡೆ ತಿರುಗಿದಳು. "ಆರ್ಸಿದ್ರೆ ಮುಳುಗ್ತಿದ್ದ ಅಂದ. ಕೇಳ್ಸಿತಾ ನಿಂಗೆ? ಅವನ ಬಾಯಲ್ಲೇ ಅಂದ." ಅಷ್ಟು ಹೇಳಿ ಬಿಕ್ಕಿದಳು. ನಾವು ಅಷ್ಟು ದಿನ ಹೂ ತಪ್ಪಿಸಿ ಬಾಗಿಲು ಹಾಕಿಟ್ಟದ್ದರಿಂದ ನನ್ನ ಮಗ ಎಲ್ಲಿ ಮುಳುಗಿದನೋ ಎಂದು ಆ ಬೋಗಿಯಲ್ಲಿ ಅವಳು ಅತ್ತ ಅಳು, ಎಂಥ ಕಲ್ಲೆದೆಯವರಿಗೂ ಕೇಳಲಾಗುವಂಥದಲ್ಲ. ಎದುರು ಸೀಟಿನಲ್ಲಿ ಹೂ ಮಾರಿ ಮನೆಗೆ ಹೊರಟ ಹೆಂಗಸೊಬ್ಬಳ ಬುಟ್ಟಿಯಲ್ಲಿ ಬಾಡಿದ ಒಂದು ತುಂಡು ದಂಡೆ ಉಳಿದಿತ್ತು. ಮುದುಕಿ ಕೈ ಚಾಚಿ ಅದನ್ನು ಬೇಡಿದಳು, ಆಕೆ ಕೊಟ್ಟಳು.

ಅತ್ತಿಗೆ ನನ್ನನ್ನು ನೋಡಿದಳು. ಆಮೇಲೆ ಕಿಟಕಿಯ ಹೊರಗೆ ನೋಡಿದಳು. ಆಮೇಲೆ ತಲೆ ಬಗ್ಗಿಸಿದಳು.

ಕ್ರಿಯೆ ನಡೆಯಲಿಲ್ಲ. ಭಟ್ಟರಿಗೆ ಬೇಡವೆಂದು ಹೇಳಿ ಕಳಿಸಿದರು. ಹೊನ್ನಾವರದ ತಮ್ಮ ಎರಡು ಸಲ ಬಂದು ಹೋದ. ಬಾಗಿಲಿನ ಅಗುಳಿ ಮತ್ತೆ ತೆಗೆದೇ ಉಳಿಯಿತು. ನಾನು ಒಂದು ದಿನ ಬೇರೆ ಪುಸ್ತಕ ಹಿಡಿದು ಜಗಲಿಗೆ ಬಂದರೆ ಅತ್ತಿಗೆ ನನ್ನ ಬುಟ್ಟಿಯನ್ನು ಎಂದಿನ ಹಾಗೆ ತನ್ನ ಕಡೆ ಎಳೆದುಕೊಳ್ಳಲಿಲ್ಲ. "ಬೇಡ ತಂಗಿ. ಕೇಳಿ ಎಂತ ಆಗೂದಿದೆ? ಕಡೆಗೆ ಅವ್ರಿಗೆ ಬೇಕಾದಂಗೆ ಮಾಡ್ತಾರೆ" ಎಂದಳು. ನಮ್ಮ ಓದು ಅಲ್ಲಿಗೆ ಮುಗಿಯಿತು.

ಕೆಲಸ ಸಿಕ್ಕಿ ನಾನು ಕುಮಟೆಗೆ ಬಂದೆ. ಊರಿಗೆ ಹೋದಾಗೆಲ್ಲ ಬೇಲಿಯ ಆಚೆ ಅತ್ತಿಗೆ ಕಾಣುತ್ತಿದ್ದಳು, ಪ್ರತಿ ಸಲ ಇನ್ನಷ್ಟು ಸೊರಗಿ. ದೊಡ್ಡಮ್ಮ ತೀರಿಕೊಳ್ಳುವ ಮೊದಲು, ಹೂ ತಪ್ಪಿಸುವುದಿಲ್ಲ ಎಂದು ಅವಳಿಂದ ಭಾಷೆ ತೆಗೆದುಕೊಂಡಳಂತೆ. ಇನ್ನು ಯಾರ ಭಯ, ಬಿಟ್ಟುಬಿಡು ಅತ್ತಿಗೆ ಎಂದರೆ, "ರೂಢಿ ಆತು" ಎಂದಳು. ತಾನೇ ಕನ್ನಡಿಯ ಮುಂದೆ ನಿಂತು ತಾನೇ ಮುಡಿದುಕೊಳ್ಳುತ್ತಿದ್ದಳು. ಬಾಗಿಲಿಗೆ ಅಗುಳಿ ಹಾಕುವ ಕೈ ಬರಲೇ ಇಲ್ಲ ಅವಳಿಗೆ.

ಆ ಸಿನಿಮಾ ಮಾಡಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಜನ ಅಳುತ್ತ ಮನೆಗೆ ಹೋಗಬಾರದು ಎಂದು ಅವರಿಗೆ ಅನಿಸಿರಬೇಕು. ಒಬ್ಬಳು ಅಳಲಿಕ್ಕೆಂದೇ ಅಷ್ಟು ದೂರದಿಂದ ರೈಲು ಹತ್ತಿ ಬಂದಿದ್ದಳೆಂದು ಅವರಿಗೆ ಯಾರು ಹೇಳಬೇಕಿತ್ತು? ಈಗ ಸರಣಿ ಬರುತ್ತದಂತೆ. ರಾಣಿ ಕತ್ತಿ ಹಿಡಿದು ತಾನೇ ಹೋಗಿ ರಾಜನನ್ನು ಬಿಡಿಸಿ ತರುತ್ತಾಳೋ ಏನೋ. ಮಾಡಿಕೊಳ್ಳಲಿ. ಜಗಳಕ್ಕೆ ನನ್ನಲ್ಲಿ ತ್ರಾಣ ಇಲ್ಲ.

ಹೋದ ಮಳೆ ಮುಗಿಯುವ ಹೊತ್ತಿಗೆ ಅತ್ತಿಗೆ ತೀರಿಕೊಂಡಳು. ಜ್ವರ ಬಂದಿತ್ತು ಎಂದರು. ನಾನು ಹೋಗಿ ಮುಟ್ಟುವಾಗ ಅಂಗಳದಲ್ಲಿ ಮಲಗಿಸಿದ್ದರು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಹಣೆಗೆ ಅಗಲ ಕುಂಕುಮ, ಉಡಿ ತುಂಬಿದ್ದರು. ಗಂಡ ಸತ್ತ ಲೆಕ್ಕ ಎಲ್ಲೂ ಆಗಿರಲಿಲ್ಲವಲ್ಲ, ಹಾಗಾಗಿ ಮುತ್ತೈದೆಗೆ ಮಾಡುವುದೆಲ್ಲ ಮಾಡಿದ್ದರು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೂ ಮುಡಿಸುತ್ತಿದ್ದರು. ತಲೆಯ ಸುತ್ತ ಹೂವಿನ ರಾಶಿಯೇ ಆಗಿತ್ತು. "ಪುಣ್ಯವಂತೆ, ಮುತ್ತೈದೆಯಾಗಿ ಹೋದ್ಲು" ಎಂದು ಒಬ್ಬಳು ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನ್ನ ಕೈಗೂ ಒಂದು ದಂಡೆ ಕೊಟ್ಟರು. ನಾನು ಮುಡಿಸಲಿಲ್ಲ, ಹಿಡಿದುಕೊಂಡೇ ನಿಂತೆ.

ಬಾಗಿ ಮುಖ ನೋಡಿದೆ. ಕೊನೆಗೂ ನೆಮ್ಮದಿಯಾಗಿ ನಿದ್ದೆ ಹೋದವಳ ಹಾಗೆ ಕಂಡಳು ಎಂದು ಈಗ ಇಲ್ಲಿ ಬರೆದುಬಿಡಬಹುದು. ಓದುವವರಿಗೂ ಸಮಾಧಾನ, ನನಗೂ ಸಮಾಧಾನ. ಆದರೆ ಹಾಗೇನೂ ಇರಲಿಲ್ಲ. ಹುಬ್ಬಿನ ನಡುವೆ ಗಂಟು ಬಿದ್ದಿತ್ತು, ಕಣ್ಣು ಪೂರ್ತಿ ಮುಚ್ಚಿರಲಿಲ್ಲ.